ಗಡಿಗೆ ಕಾಯ್ದ ಗುಂಡು

ಕೇಳ್ರಿ, ಕುಂಬಾರ ನೀಲವ್ವನಿಗೆ ಒಬ್ಬನೇ ಮಗ, ಅಡಿವೆಪ್ಪ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದಂತೆಯೇ ಮಾಡುವವನು, ಅದೇ ಕಷ್ಟ! ತಾಯಿ ಗಡಿಗೆ ಮಾಡುವಳು, ಮಗ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಒಯ್ಯುವನು. ತಗ್ಗು ಬಂದರೆ ಗಾಲಿ ಪುಟಿಯುವುದು, ಗಡಿಗೆ ಒಡೆಯುವುದು.

"ಎಂಟು ದಿನಕ್ಕ ಗೌಡ್ರ ಮನಿ ಮದುವಿ! ಪೂಜಿಗೆ ನಮ್ಮ ಐರಣಿ ಗಡಿಗಿ ಮುಟ್ಟೂತನಕ ಮದುಮಕ್ಕಳ ಮ್ಯಾಲ ಅಕ್ಕಿಕಾಳು ಬೀಳೂದಿಲ್ಲ. ನಲವತ್ತು ವರ್ಷದ ನನ್ನ ಹೆಸರು ಕೆಡಸಬ್ಯಾಡೋ! ಗಡಿಗಿ ಒಡೀದಂಗ ಏನು ಮಾಡೂದಂತ ಗಾಡಿ ಮಿಸ್ತ್ರಿ ಮೌಲಾಸಾಬನ ಕೇಳು, ಹೋಗು!" ಎಂದಳು ನೀಲವ್ವ.

ಹೋದ. "ಗಾಡ್ಯಾಗ ಒಂದು ಭಾರ ಇಡಬೇಕೋ," ಎಂದ ಮಿಸ್ತ್ರಿ. ಅಷ್ಟೇ ಕೇಳಿ ಓಡಿಬಂದ. ರುಬ್ಬುವ ಗುಂಡು ಎತ್ತಿದ, ಗಡಿಗೆಗಳ ಮೇಲೆಯೇ ಇಟ್ಟ. ಧಡ್! ಗಡಿಗೆ ಹೋಗಿ ಬರೀ ಬೋಕಿ ಚೂರು!

"ಗಡಿಗಿ ಮ್ಯಾಲ ಅಲ್ಲೋ ಖೋಡಿ!" ಬೈದ ಮಿಸ್ತ್ರಿ. "ಭಾರ ಬ್ಯಾರೆ ಇರಬೇಕು, ಅದನ್ನ ಕುಣ್ಯಾಕ ಬಿಡಬೇಕು!"

ಬಿಟ್ಟ. ಚಲೋ ಕುಣಿಯಲೆಂದು ಹಿಂದಿನ ಬಾಗಿಲನ್ನೂ ತೆಗೆದ. ಏರು ಬಂತು. ಗುಂಡು ಉರುಳಿತು, ಹೊಸದಾಗಿ ಹೇರಿದ್ದ ಗಡಿಗೆಗಳನ್ನೂ ಒಡೆಯಿತು, ಕೆಳಗೆ ಹಾರಿ ಮಿರ್ಚಿ ಅಂಗಡಿಗೆ ನುಗ್ಗಿತು!

"ಯವ್ವಾ, ಏನು ಹಡದೀ ನೀನು!" ಎಂದು ಹಣೆ ಬಡಿದುಕೊಂಡು ಮೌಲಾಸಾಬನೇ ಬಂದ. ಟಂಟಂನಲ್ಲಿ ಕಬ್ಬಿಣದ ಚೌಕಟ್ಟು ಕೂರಿಸಿ, ಮೇಲೊಂದು ಸ್ಪ್ರಿಂಗು, ಕೆಳಗೊಂದು ಸ್ಪ್ರಿಂಗು, ನಡುವೆ ಗುಂಡು ಬಿಗಿದ. "ಗಾಡಿ ಮ್ಯಾಲ ಎದ್ರ ಗುಂಡು ಕೆಳಗ ಜಗ್ಗತೈತಿ, ಗಾಡಿ ಕುಸಿದ್ರ ಮ್ಯಾಲ ಎತ್ತತೈತಿ. ಗಾಲಿ ನೆಲ ಬಿಡೂದಿಲ್ಲ. ರೇಸಿನ ಕಾರಿಗೂ ಹಿಂದ ಇದ ಯುಕ್ತಿ ಮಾಡಿದ್ರು."

ಅಂದಿನಿಂದ ಒಂದು ಗಡಿಗೆಯೂ ಬಿರುಕು ಬಿಡಲಿಲ್ಲ. "ನಿನ್ನ ಹೊಟ್ಟಿ ತಣ್ಣಗಿರಲಿ, ಮೌಲಾಸಾಬಣ್ಣಾ!" ಎಂದು ನೀಲವ್ವ ಕಣ್ಣೊರೆಸಿಕೊಂಡಳು. ಗುಂಡಿಗೆ ಅರಿಶಿನ ಕುಂಕುಮ ಹಚ್ಚಿ ಮಗನಿಗೆ ಹೇಳಿದಳು: "ನಮ್ಮ ಸಲುವಾಗಿ ಇದು ದಿನಾ ಮೈ ಕುಲುಕಿಸ್ಕೊಂತೈತಿ. ಇದರ ಉಪಕಾರ ಮರೀಬ್ಯಾಡ. ಸುಖದಾಗ ಇಡು!"

ಅಯ್ಯೋ, ಯಾಕಾದರೂ ಹೇಳಿದಳೋ!

ಮದುವೆಯ ದಿನ ಬಂತು. ವಾಲಗ ಊದುತ್ತಿದೆ, ಮುತ್ತೈದೆಯರು ಆರತಿ ಹಿಡಿದು ನಿಂತಿದ್ದಾರೆ. ನೀಲವ್ವ ಮೊದಲೇ ನಡೆದು ಬಂದು ಕಾಯುತ್ತಿದ್ದಾಳೆ. ಟಂಟಂ ಬಂತು. ಮುಂದಿನ ಸೀಟಿನಲ್ಲಿ ಕೌದಿ ಹೊದ್ದು, ದಿಂಬಿಗೆ ಒರಗಿ ಗುಂಡು ಕೂತಿದೆ!

"ಗಡಿಗಿ ಎಲ್ಯಾವೋ?"

"ಸ್ಪ್ರಿಂಗಿನ್ಯಾಗ, ಯವ್ವಾ! ಇಷ್ಟು ದಿನ ಗುಂಡು ಕುಣೀತು, ಗಡಿಗಿ ಕುಂತ್ವು. ಇವತ್ತ ಗುಂಡು ಕುಂದ್ರಲಿ, ಗಡಿಗಿ ಕುಣೀಲಿ!"

ನೋಡಿದರೆ ಸ್ಪ್ರಿಂಗಿಗೆ ಗಡಿಗೆಯ ಕಂಠ ಮಾತ್ರ ಜೋತಾಡುತ್ತಿತ್ತು.

ಹೆತ್ತವಳಿಗೆ ಮಗ ಗೊತ್ತಿಲ್ಲವೇ? ಇನ್ನೊಂದು ಜೊತೆ ಐರಣಿ ಗಡಿಗೆಯನ್ನು ಅವಳು ತಲೆಯ ಮೇಲೆ ಹೊತ್ತು ತಂದಿದ್ದಳು. ಆರತಿಯಾಯಿತು, ಅಕ್ಕಿಕಾಳು ಬಿತ್ತು. ಗೌಡತಿ ಅವಳ ಕೈ ಹಿಡಿದು, "ನೀಲವ್ವಾ, ನೀ ಇದ್ದಿ, ಮದುವಿ ಆತು," ಎಂದು ಉಡಿ ತುಂಬಿದಳು.

"ಸೊಂಟ ಹೋತೋ ಮಗನ!" ಎಂದು ನೀಲವ್ವ ಟಂಟಂ ಹತ್ತಿದಳು.

ಅಡಿವೆಪ್ಪನ ಕಣ್ಣು ತುಂಬಿತು. "ಯವ್ವಾ, ನಮ್ಮ ಸಲುವಾಗಿ ನೀನೂ ಮೈ ಕುಲುಕಿಸ್ಕೊಂಡಿ. ನಿನ್ನ ಉಪಕಾರ ಮರೀತೀನೇನು?" ಎಂದು ಅವ್ವನನ್ನು ಗುಂಡಿನ ಪಕ್ಕದಲ್ಲಿ ಕೂರಿಸಿ ಕೌದಿ ಹೊದಿಸಿದ. ತಾನು ಹಿಂದೆ ಹೋಗಿ ಸ್ಪ್ರಿಂಗುಗಳ ನಡುವೆ ಸಿಕ್ಕಿಸಿಕೊಂಡು ಕೂತ. "ಹೂಂ, ನಡೀಲಿ! ಈಗ ನಾ ಕುಣೀತೀನಿ!"

"ಗಾಡಿ ಹೊಡ್ಯಾವ್ರು ಯಾರೋ?"

"ಗುಂಡು ಮುಂದ ಕುಂತೈತಲ್ಲ, ಯವ್ವಾ!"