ಹಾಸು ಹಿಡಿಯದ ಕೈಗಳು

"ಗುರುಗಳೇ, ಒಂದು ಕತೆ ಕಟ್ಟುತ್ತಿದ್ದೇನೆ. ಊರಿಗೆ ಊರೇ ಕೆಟ್ಟಿದೆ. ಅಲ್ಲಿಗೆ ಹೊರಗಿನಿಂದ ಒಬ್ಬ ನಿರ್ಮಲ ಮನುಷ್ಯ ಬರುತ್ತಾನೆ. ಅವನಿಗೆ ಏನು ಕೆಲಸ ಕೊಡಲಿ?" ಎಂದು ಶಿಷ್ಯ ಕೇಳಿದ.

ಆ ಮನುಷ್ಯನನ್ನು ನೆನೆದಾಗಲೆಲ್ಲ ತನಗೆ ಕಣ್ಣು ತುಂಬಿಬರುತ್ತದೆ ಎಂದೂ ಹೆಮ್ಮೆಯಿಂದ ಸೇರಿಸಿದ. ಗುರುಗಳಿಗೆ ಸಿಟ್ಟು ಬಂತು. "ಅವನ ಕೆಲಸ ಆಮೇಲೆ ನೋಡೋಣ. ಮೊದಲು ಇದನ್ನು ಕೇಳು" ಎಂದು ಹೇಳತೊಡಗಿದರು.

ಒಂದು ನೇಕಾರರ ಊರು. ಅಲ್ಲಿ ಸೀರೆಯನ್ನು ತೆಳ್ಳಗೆ ನೇಯ್ದು, ಸಂತೆಗೆ ಒಯ್ಯುವ ಮುನ್ನ ಗಟ್ಟಿ ಗಂಜಿಯಲ್ಲಿ ಅದ್ದುತ್ತಿದ್ದರು. ಮುಟ್ಟಿದರೆ ದಪ್ಪ, ಒಗೆದರೆ ಜರಡಿ. ಕೊಂಡ ಬಡವಿ ವರ್ಷವಿಡೀ ಅದರಲ್ಲೇ ಮಾನ ಮುಚ್ಚಿಕೊಳ್ಳಬೇಕು. ಎಲ್ಲರೂ ಮಾಡುವುದು ತಾನೆ ಎಂದುಕೊಂಡು ಊರಿನವರು ನೆಮ್ಮದಿಯಾಗಿದ್ದರು.

ಆ ಊರಲ್ಲೇ ಹುಟ್ಟಿದ ಒಬ್ಬ ಹೆಂಗಸೂ ಹಾಗೆಯೇ ನೇಯುತ್ತಿದ್ದಳು. ಒಂದು ದಿನ ಹೊಳೆಯಲ್ಲಿ ಕೂಲಿಯವಳೊಬ್ಬಳು ಉಟ್ಟ ಸೀರೆ ಹರಿದು, ನೀರಿನಿಂದ ಮೇಲೇಳಲಾರದೆ ಕುಳಿತಿದ್ದಳು. ಅದು ಈಕೆಯೇ ನೇಯ್ದ ಸೀರೆ. ಅಂದಿನಿಂದ ಈಕೆ ನೂಲು ಮಿಗಿಸಿ ತೆಳ್ಳಗೆ ನೇಯುವುದನ್ನು ಬಿಟ್ಟಳು, ಗಂಜಿಯನ್ನೂ ಬಿಟ್ಟಳು.

ಊರಿನ ಯಜಮಾನ ಮನೆಗೇ ಬಂದು ಗದರಿದ. "ನಿನ್ನ ಸೀರೆ ಮುಟ್ಟಿದವರು ನಮ್ಮದನ್ನು ಕೊಳ್ಳುತ್ತಾರೇನೇ? ನೀನೊಬ್ಬಳೇ ಸಾಚಾ, ನಾವೆಲ್ಲ ಕಳ್ಳರೋ?"

"ನಾನು ಯಾರನ್ನೂ ಕಳ್ಳರೆನ್ನಲಿಲ್ಲ ಯಜಮಾನರೇ. ನನ್ನ ಸೀರೆ ನಾನು ನೇಯ್ದೆ, ಅಷ್ಟೆ" ಎಂದಳು.

ಅಷ್ಟೇ ಹೆಚ್ಚಾಯಿತು. ನೂಲನ್ನು ಮಗ್ಗಕ್ಕೇರಿಸುವ ಮುನ್ನ ಬೀದಿಯುದ್ದಕ್ಕೂ ಹರವಿ ಬಿಗಿಯಬೇಕು, ಅದೇ ಹಾಸು. ಹತ್ತು ಕೈ ಸೇರದೆ ಹಾಸು ನಿಲ್ಲುವುದಿಲ್ಲ. ಇಂದು ನಿನ್ನದಕ್ಕೆ ನಾನು, ನಾಳೆ ನನ್ನದಕ್ಕೆ ನೀನು ಎಂಬುದು ನೇಕಾರರಲ್ಲಿ ಅಜ್ಜನ ಕಾಲದ ನಡತೆ. ಆ ಹೆಂಗಸು ನೂಲು ಹಿಡಿದು ಬೀದಿಗೆ ಬಂದಾಗ ಎಲ್ಲರೂ ಬಾಗಿಲು ಹಾಕಿಕೊಂಡರು. ಗಂಡನಿಲ್ಲದವಳು, ಎರಡು ಮಕ್ಕಳ ತಾಯಿ. ಆರು ತಿಂಗಳು ಅವಳ ಮಗ್ಗ ಸುಮ್ಮನೆ ನಿಂತಿತು. ಮಕ್ಕಳು ಅರೆಹೊಟ್ಟೆಯಲ್ಲಿ ಮಲಗಿದವು.

ಆಗ ಬೇರೆ ಸೀಮೆಯ ನೇಕಾರನೊಬ್ಬ ಆ ಊರಿಗೆ ಬಂದ. ಅವನೂ ಗಂಜಿಯಿಲ್ಲದೆ ಗಟ್ಟಿಯಾಗಿ ನೇಯ್ದ. ಹಿತ್ತಲ ಗಿಡ ಮದ್ದಲ್ಲವಲ್ಲ! ಊರಿನವರು ಅವನನ್ನು ಮಹಾತ್ಮನೆಂದರು. ಅವನ ಹಾಸು ಹಿಡಿಯಲು ನಾಮುಂದು ತಾಮುಂದು ಎಂದು ಓಡಿಬಂದರು. "ಮೋಸ ಮಾಡಬೇಡಿರಪ್ಪ" ಎಂದು ಅವನು ಹೇಳಿದರೆ ಕಣ್ಣೊರೆಸಿಕೊಂಡರು, ಮನೆಗೆ ಹೋಗಿ ಗಂಜಿ ಕಾಯಿಸಿದರು. "ಅವರು ಎಲ್ಲಿಂದಲೋ ಬಂದ ದೊಡ್ಡವರು, ಸಂಸಾರಸ್ಥರಾದ ನಮಗೆ ಅದೆಲ್ಲ ಆಗುವ ಮಾತೇ?" ಎಂದರು. ಆ ಹೆಂಗಸಿಗೂ ಸಂಸಾರವಿತ್ತು. ಅದನ್ನು ಯಾರೂ ನೆನೆಯಲಿಲ್ಲ. ನೆನೆದಿದ್ದರೆ ಗಂಜಿಯ ಹಂಡೆಯನ್ನು ಒಲೆಯಿಂದ ಇಳಿಸಬೇಕಾಗುತ್ತಿತ್ತು.

ಒಂದು ದಿನ ಆ ಹೆಂಗಸು ನೆರೆದ ಜನರ ನಡುವೆ ನುಗ್ಗಿ ಅವನೆದುರು ನಿಂತಳು.

"ಸ್ವಾಮಿ, ನಿಮ್ಮ ಹಾಸು ಹಿಡಿಯಲು ನಲವತ್ತು ಕೈ. ಇದೇ ಕೆಲಸ ಮಾಡಿದ್ದಕ್ಕೆ ನನ್ನ ಮಗ್ಗ ಆರು ತಿಂಗಳಿಂದ ಖಾಲಿ. ನಾನು ಈ ಊರಲ್ಲಿ ಹುಟ್ಟಿದ್ದೇ ತಪ್ಪೇ?"

ಅವನು ಮರುದಿನ ಬೆಳಿಗ್ಗೆ ಅವಳ ಬೀದಿಗೆ ಹೋಗಿ, ಅವಳ ಹಾಸಿನ ಒಂದು ತುದಿಯನ್ನು ಹಿಡಿದು ನಿಂತ. ಅಲ್ಲಿಗೆ ಅವನ ಮಹಾತ್ಮತನ ಮುಗಿಯಿತು. ಊರಿನವರು ಹಾಸು ಕಿತ್ತೆಸೆದರು, ಅವನನ್ನು ಕಲ್ಲು ಹೊಡೆದು ಗಡಿ ದಾಟಿಸಿದರು. ಎರಡು ವರ್ಷ ಕಳೆದ ಮೇಲೆ ಅದೇ ಜನ ಅವನಿಗೊಂದು ಗುಡಿ ಕಟ್ಟಿದರು, ಕತೆಯನ್ನೂ ಕಟ್ಟಿದರು. ಕತೆಯಲ್ಲಿ ಅವನ ನಿರ್ಮಲತೆಯ ವರ್ಣನೆ ಬೇಕಾದಷ್ಟಿದೆ. ಆ ಹೆಂಗಸಿನ ಸುದ್ದಿಯೇ ಇಲ್ಲ.

ಗುರುಗಳು ನಿಲ್ಲಿಸಿದರು. ಶಿಷ್ಯನ ಕಣ್ಣು ತುಂಬಿತ್ತು.

"ಎಂಥ ಪುಣ್ಯಾತ್ಮ! ಆಮೇಲೆ ಅವನು ಎಲ್ಲಿಗೆ ಹೋದ, ಗುರುಗಳೇ?"

"ಹೋದವನ ದಾರಿ ಕೇಳಿದೆಯಲ್ಲ, ಅಲ್ಲೇ ಉಳಿದವಳ ಹಾಸು ಯಾರು ಹಿಡಿದರೆಂದು ನಿನಗೂ ಕೇಳಬೇಕೆನಿಸಲಿಲ್ಲವೇ?"