ಮೊದಲ ರೊಟ್ಟಿಯ ಅರ್ಧ

"ಅಪ್ಪಾವರೆ, ದುಡಿಯುವವರಿಗೆ ಎಷ್ಟು ಹೊತ್ತು ಬಿಡುವು ಕೊಟ್ಟರೆ ನ್ಯಾಯ?"

ಕೇಳಿದವನು ಮಠದ ಶಿಷ್ಯ ರೇವಯ್ಯ. ದಾಸೋಹದ ಅಡುಗೆಮನೆಯಲ್ಲಿ ದುಡಿಯುವವರ ಹೊತ್ತು ನೋಡಿಕೊಳ್ಳುವ ಹೊಣೆ ಅವನದು. ಯಾರು ಯಾವಾಗ ಬಂದರು, ಯಾವಾಗ ಎದ್ದರು ಎಂದು ಲೆಕ್ಕ ಇಡುವ ಸಾಫ್ಟ್‌ವೇರ್ ಒಂದನ್ನು ಭಕ್ತರೊಬ್ಬರು ಕೊಡಿಸಿದ್ದರು. ಅದರೊಳಗೆ ಪ್ರತಿಯೊಬ್ಬರ ಕೆಲಸದ ಮಿತಿ, ಬಿಡುವಿನ ನಿಯಮ ತುಂಬಬೇಕಿತ್ತು. ಉಳಿದವರದನ್ನೆಲ್ಲ ತುಂಬಿದ್ದ. ತನ್ನ ಹೆಸರನ್ನು ಹಾಗೇ ದಾಟಿ ಹೋಗಿದ್ದ. ಸೋಮಲಿಂಗನ ಹೆಸರಿಗೆ ಬಂದಾಗ ಮಾತ್ರ ಅವನ ಕೈ ನಿಂತಿತ್ತು.

ಸೋಮಲಿಂಗ ಮಠಕ್ಕೆ ಹೊಸಬ. ಮಧ್ಯಾಹ್ನ ಪಂಕ್ತಿ ಎದ್ದಮೇಲೆ ಗುರುಗಳ ಚಾಪೆಯ ಪಕ್ಕ ಹೋಗಿ ಕೂತನೆಂದರೆ ಏಳುವ ಮಾತೇ ಇಲ್ಲ. ಮೊದಲು ಅಲ್ಲಿ ಕೂರುತ್ತಿದ್ದವನು ರೇವಯ್ಯ. ಹೊಣೆ ಬಂದಮೇಲೆ ಅವನಿಗೆ ಪುರುಸೊತ್ತಿಲ್ಲ. ಒಳಗಿನಿಂದ ಅವರಿಬ್ಬರ ನಗು ಕೇಳಿದರೆ ಅವನ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

"ಎಲ್ಲರ ಬಿಡುವಿನ ಮಾತು ಕೇಳುತ್ತಿದ್ದೀಯೋ, ಒಬ್ಬನ ಬಿಡುವಿನ ಮಾತೋ?" ಎಂದರು ಗುರುಗಳು.

"ಎಲ್ಲರದೂ, ಅಪ್ಪಾವರೆ," ಎಂದ ರೇವಯ್ಯ. ಕಿವಿ ಕೆಂಪಗಾದವು.

"ಹಾಗಾದರೆ ಕೂಡು," ಎಂದು ಗುರುಗಳು ಕತೆ ತೆಗೆದರು.

ಒಂದೂರಲ್ಲಿ ಒಂದು ರೊಟ್ಟಿ ಕೇಂದ್ರವಿತ್ತಪ್ಪ. ಜೋಳದ ರೊಟ್ಟಿ ಮಾಡಿ ಖಾನಾವಳಿಗಳಿಗೆ, ಹಾಸ್ಟೆಲುಗಳಿಗೆ ಕಳಿಸುವ ಜಾಗ. ಸಾಲಾಗಿ ಒಲೆಗಳು. ಒಂದೊಂದು ಒಲೆಗೆ ಇಬ್ಬಿಬ್ಬರು ಹೆಂಗಸರು. ಒಬ್ಬಳು ರೊಟ್ಟಿ ಬಡಿಯುವವಳು, ಇನ್ನೊಬ್ಬಳು ಹಂಚಿನ ಮೇಲೆ ಬೇಯಿಸುವವಳು. ಇವಳು ಬಡಿದು ಎತ್ತಿದ್ದನ್ನು ಅವಳು ಹಂಚಿಗೆ ಹಾಕಬೇಕು. ನಡುವೆ ಕೈ ತಪ್ಪಿದರೆ ಕೆಲಸ ಕೆಟ್ಟಿತು.

ಅಲ್ಲೊಂದು ಪದ್ಧತಿ. ಬೆಳಗ್ಗೆ ಹಂಚಿಗೆ ಬೀಳುವ ಮೊದಲ ರೊಟ್ಟಿಯನ್ನು ಮಾರುವುದಿಲ್ಲ. ಹಂಚು ಇನ್ನೂ ಹದಕ್ಕೆ ಬಂದಿರುವುದಿಲ್ಲ, ರೊಟ್ಟಿ ಒಂದು ಕಡೆ ಬೆಂದು ಇನ್ನೊಂದು ಕಡೆ ಹಸಿ ಉಳಿಯುತ್ತದೆ. ಅದನ್ನು ಒಲೆಯ ಬದಿಗೆ ಒರಗಿಸಿ ಇಡುತ್ತಾರೆ. ಚಹಾದ ಹೊತ್ತಿಗೆ ಕಟಕಟ ಅನ್ನುವ ಹಾಗೆ ಆಗಿರುತ್ತದೆ. ಆಗ ಜೋಡಿಯವರಿಬ್ಬರೂ ಅದನ್ನು ಮುರಿದು ಅರ್ಧರ್ಧ ತಿನ್ನುತ್ತಾರೆ.

ಇಬ್ಬರು ಗೆಳತಿಯರು ಬಹಳ ವರ್ಷ ಒಂದೇ ಒಲೆಗೆ ಕೂತವರು. ಅದೇ ಒಲೆ, ಅದೇ ಹರಟೆ, ಅದೇ ನಗು. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಅವಳ ಪಾಲಿನ ಅರ್ಧ ರೊಟ್ಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಒಯ್ದು ಕೊಡುತ್ತಿದ್ದಳು. ಹಾಗಿದ್ದರು. ಬೇಯಿಸುವವಳು ನಾಲ್ಕಕ್ಷರ ಕಲಿತವಳು, ಚುರುಕಾದವಳು. ಯಜಮಾನ ಅವಳನ್ನು ಮೇಲ್ವಿಚಾರಕಿ ಮಾಡಿದ. ಕುರ್ಚಿ ಕೊಟ್ಟ, ಮೇಜು ಕೊಟ್ಟ, ನಿನಗೆ ಬಂದಿದೆಯಲ್ಲ, ಅಂಥದೇ ಸಾಫ್ಟ್‌ವೇರ್ ಒಂದನ್ನು ಕೈಗಿಟ್ಟ. ಒಲೆಯ ಮುಂದೆ ಖಾಲಿಯಾದ ಜಾಗಕ್ಕೆ ಹೊಸಬಳೊಬ್ಬಳು ಬಂದು ಕೂತಳು.

ಚಹಾದ ಹೊತ್ತಾಯಿತು. ಮೇಲ್ವಿಚಾರಕಿ ಕುರ್ಚಿಯಿಂದಲೇ ನೋಡುತ್ತಾಳೆ. ಗೆಳತಿ ಮೊದಲ ರೊಟ್ಟಿ ಮುರಿದಳು. ಸ್ವಲ್ಪ ಹೊತ್ತು ಸುಮ್ಮನೆ ಕೂತಳು. ಆಮೇಲೆ ಅರ್ಧವನ್ನು ಹೊಸಬಳ ಕೈಗೆ ಇಟ್ಟಳು. ಇಬ್ಬರೂ ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದರು, ಏನೋ ಹೇಳಿಕೊಂಡು ನಕ್ಕರು. ಮರುದಿನವೂ ಹಾಗೇ. ಅದರ ಮರುದಿನವೂ ಹಾಗೇ.

ಅಯ್ಯೋ, ಅವಳ ಸಂಕಟ ಏನು ಹೇಳಲಿ! ಮೈಯೆಲ್ಲ ಉರಿದುಹೋಯಿತು. ನನ್ನ ಒಲೆ, ನನ್ನ ಗೆಳತಿ, ನನ್ನ ಅರ್ಧ ರೊಟ್ಟಿ. ನಿನ್ನೆ ಮೊನ್ನೆ ಬಂದವಳು ಬಾಯಿಗೆ ಹಾಕಿಕೊಳ್ಳುತ್ತಿದ್ದಾಳಲ್ಲ! ಎದ್ದು ಹೋಗಿ ಪಕ್ಕದಲ್ಲಿ ಕೂತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಕುರ್ಚಿ ಬಿಟ್ಟು ಒಲೆಯ ಮುಂದೆ ಕೂರುವುದು ಹೇಗೆ? ಅವರೇ ಕರೆಯಲಿ ಎಂದು ಬಿಗಿದುಕೊಂಡು ಕೂತಳು. ಯಾರೂ ಕರೆಯಲಿಲ್ಲ.

ಕಡೆಗೊಂದು ದಿನ ಸಾಫ್ಟ್‌ವೇರ್ ತೆರೆದಳು. ಬಿಡುವಿನ ನಿಯಮ ಎಂಬಲ್ಲಿ ತುಂಬಿದಳು: ಒಂದೇ ಒಲೆಯ ಇಬ್ಬರು ಒಟ್ಟಿಗೆ ಏಳುವಂತಿಲ್ಲ. ಮೊದಲು ಬಡಿಯುವವಳು ಹೋಗಿ ಬರಬೇಕು, ಆಮೇಲೆ ಬೇಯಿಸುವವಳು. ಕೇಳಿದವರಿಗೆ ಹೇಳಲು ಕಾರಣವೂ ಸಿದ್ಧವಾಗಿತ್ತು, ಒಲೆ ಆರಬಾರದು ಎಂದು. ಎಷ್ಟು ಚೆಂದದ ಕಾರಣ ನೋಡು! ತನ್ನ ಹೆಸರಿನ ಮುಂದೆ ಮಾತ್ರ ಏನನ್ನೂ ತುಂಬಲಿಲ್ಲ. ನನಗೆ ಯಾಕೆ ಬಿಡುವು, ನಾನೇನು ಅವರ ಹಾಗೆ ಹರಟೆ ಹೊಡೆಯುವವಳೇ ಎಂದುಕೊಂಡಳು.

ಅಷ್ಟು ವರ್ಷ ಒಲೆಯ ಮುಂದೆ ಕೂತವಳು ಮಾಡುವ ಕೆಲಸವೇ ಅದು? ಜೋಡಿಯಲ್ಲಿ ಒಬ್ಬಳು ಎದ್ದರೆ ಇನ್ನೊಬ್ಬಳು ಏನು ಮಾಡಬೇಕು? ಬಡಿಯುತ್ತ ಕೂತರೆ ಹಂಚಿನ ಮೇಲಿದ್ದದ್ದು ಕರಕಲಾಗುತ್ತದೆ. ಹಂಚು ನೋಡುತ್ತ ಕೂತರೆ ನಾದಿಟ್ಟ ಹಿಟ್ಟು ಆರಿ, ಬಡಿದ ರೊಟ್ಟಿಯ ಅಂಚೆಲ್ಲ ಸೀಳುತ್ತದೆ. ಇದು ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಹೊಟ್ಟೆಕಿಚ್ಚಿನಲ್ಲಿ ಅದೊಂದೂ ತಲೆಗೆ ಬರಲಿಲ್ಲ.

ರೊಟ್ಟಿ ಕಡಿಮೆ ಬಿದ್ದವು. ಯಜಮಾನ ಗೊಣಗಿದ. ಅವಳು ನಿಯಮ ತೆಗೆದಳೇ? ಎಲ್ಲಿಯ ಮಾತು! ಬಿಡುವನ್ನೇ ಇನ್ನಷ್ಟು ಕತ್ತರಿಸಿದಳು. ಬಿಡುವು ಗಡಿಯಾರದ ಪ್ರಕಾರ ತಾನಾಗಿ ಶುರುವಾಗುತ್ತಿತ್ತು, ಆದರೆ ಗೋಡೆಯ ಯಂತ್ರಕ್ಕೆ ಹೆಬ್ಬೆಟ್ಟು ಒತ್ತದೆ ಯಾರೂ ಚಹಾಕ್ಕೆ ಹೋಗುವಂತಿರಲಿಲ್ಲ. ಹಿಟ್ಟು ಮೆತ್ತಿದ ಬೆರಳನ್ನು ಆ ಯಂತ್ರ ಗುರುತಿಸುತ್ತಿರಲಿಲ್ಲ. ಕೈ ತೊಳೆದು, ಒರೆಸಿ, ಒತ್ತಿ, ಚಹಾ ಬಾಯಿಗೆ ಇಡುವಷ್ಟರಲ್ಲಿ ಬಿಡುವು ಮುಗಿಯಿತೆಂದು ಅದು ಕುಂಯ್‌ಗುಡುತ್ತಿತ್ತು.

ಅಷ್ಟಕ್ಕೂ ಸಮಾಧಾನವಾಗಲಿಲ್ಲ. ಸಂಜೆ ಗೆಳತಿಯೂ ಹೊಸಬಳೂ ಮಾತಾಡುತ್ತ ಒಂದೇ ದಾರಿ ಹಿಡಿದು ಮನೆಗೆ ಹೋಗುವುದು ಅವಳ ಕಣ್ಣಿಗೆ ಬಿತ್ತು. ಹೊಸಬಳ ಕೆಲಸದ ಮಿತಿಯನ್ನು ಒಂದು ತಾಸು ಇಳಿಸಿಬಿಟ್ಟಳು, ಅಷ್ಟು ಕೂಲಿಯೂ ಇಳಿಯಿತು. ನನ್ನಿಂದೇನು ತಪ್ಪಾಯಿತು ಎಂದು ಹೊಸಬಳು ಕಣ್ಣಲ್ಲಿ ನೀರು ತಂದುಕೊಂಡಳು. ಅವಳು ಮೊದಲೇ ಹೋದಳು, ಗೆಳತಿ ಆಮೇಲೆ ಒಬ್ಬಳೇ ಹೋದಳು. ಮೇಲ್ವಿಚಾರಕಿಗೆ ಒಂದು ಗಳಿಗೆ ಹಾಯೆನಿಸಿತು. ಒಂದೇ ಗಳಿಗೆ.

ಏಕೆಂದರೆ ಗೆಳತಿ ಈಗಲೂ ಮೊದಲ ರೊಟ್ಟಿ ಮುರಿಯುತ್ತಿದ್ದಳು. ಒಬ್ಬಳೇ ಕೂತು ಅರ್ಧ ತಿನ್ನುತ್ತಿದ್ದಳು. ಉಳಿದರ್ಧವನ್ನು ಬಟ್ಟೆ ಮುಚ್ಚಿ ಪಕ್ಕಕ್ಕೆ ಇಡುತ್ತಿದ್ದಳು. ಇಷ್ಟು ಮಾಡಿದರೂ ಆ ಹೊಸಬಳಿಗೆ ಪಾಲು ಇಡುವುದನ್ನು ಬಿಡಲಿಲ್ಲವಲ್ಲ! ಮೇಲ್ವಿಚಾರಕಿಗೆ ತಡೆಯಲಾಗಲಿಲ್ಲ. ಕುರ್ಚಿ ಬಿಟ್ಟು ದಡದಡನೆ ಬಂದು ಬಟ್ಟೆ ಎತ್ತಿದಳು.

"ಯಾರಿಗಿದು? ನಿನ್ನ ಜೋಡಿಗೆ ಬ್ಯಾರೆ ಬಿಡುವು ಕೊಟ್ಟಿಲ್ಲೇನು?"

ಗೆಳತಿ ಬೆದರಲಿಲ್ಲ. "ಅಕಿಗಲ್ಲ, ನಿನಗ," ಎಂದಳು. "ನೀ ಕುರ್ಚಿ ಮ್ಯಾಲೆ ಕುಂತಾಗಿಂದ ದಿನಾ ನಿನಗ ಇಡತೀನಿ. ಮಂದಿ ಮುಂದ ದೊಡ್ಡಾಕೀನ ಹೆಂಗ ಕರೀಲಿ? ನೀನಾಗಿ ಎದ್ದು ಬರತೀ ಅಂತ ಹಾದಿ ನೋಡತಿದ್ದೆ. ನೀ ಬರದಿದ್ರ, ಅನ್ನ ಕೆಡಸಬಾರದಂತ ಅಕಿ ಕೈಯಾಗ ಕೊಡತಿದ್ದೆ. ಈಗ ಬಿಡುವಿನ್ಯಾಗ ಅಕೀನೂ ಜೋಡಿ ಇರೂದಿಲ್ಲ. ಸಂಜೀಕ ಆಕಳಿಗೆ ಹಾಕತೀನಿ."

ಮೇಲ್ವಿಚಾರಕಿಯ ಕೈಯಲ್ಲಿ ಬಟ್ಟೆ ಹಾಗೇ ಉಳಿಯಿತು. ಇಷ್ಟು ದಿನ ಹೊಸಬಳ ಕೈಯಲ್ಲಿ ಕಂಡು ಹೊಟ್ಟೆ ಉರಿಸಿಕೊಂಡದ್ದು ತನ್ನದೇ ಪಾಲಿಗೆ. ಹೊಸಬಳು ತಿಂದದ್ದು ತಾನು ಬಾರದೆ ಬಿಟ್ಟ ರೊಟ್ಟಿ. ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು.

"ನಿಂತೆ ಯಾಕ? ಕೂಡು, ತಿನ್ನು," ಎಂದು ಗೆಳತಿ ಸರಿದು ಜಾಗ ಬಿಟ್ಟಳು.

ಮೇಲ್ವಿಚಾರಕಿ ಕೂರಲು ಬಗ್ಗಿದಳು. ಅಷ್ಟರಲ್ಲಿ ಗೋಡೆಯ ಯಂತ್ರ ಕುಂಯ್‌ಗುಟ್ಟಿತು. ಗೆಳತಿಯ ಬಿಡುವು ಮುಗಿದಿತ್ತು. ಅವಳು ಕುಡಿಯದೆ ಉಳಿದ ಚಹಾ ಕೆಳಗಿಟ್ಟು, ಹೆಬ್ಬೆಟ್ಟು ಒತ್ತಿ, ಒಲೆಯ ಕಡೆಗೆ ಹೋದಳು. ಇವತ್ತೊಂದು ದಿನ ಕೂಡೇ ಎನ್ನಲು ಮೇಲ್ವಿಚಾರಕಿಗೆ ಬಾಯಿ ಬರಲಿಲ್ಲ. ನಿಯಮ ತುಂಬಿದವಳು ಅವಳೇ. ಅರ್ಧ ರೊಟ್ಟಿ ಹಿಡಿದುಕೊಂಡು ಅಲ್ಲೇ ನಿಂತಳು.

ಗುರುಗಳು ಕತೆ ಅಲ್ಲಿಗೆ ನಿಲ್ಲಿಸಿದರು.

"ಆಮೇಲೆ?" ಎಂದ ರೇವಯ್ಯ. "ಆಕೆ ಆ ರೊಟ್ಟಿ ತಿಂದಳೇ, ಅಪ್ಪಾವರೆ?"

ಗುರುಗಳು ಚಾಪೆಯ ಮೇಲೆ ಸ್ವಲ್ಪ ಆಚೆ ಸರಿದು ಜಾಗ ಬಿಟ್ಟರು.

"ಅದನ್ನು ನೀನೇ ಹೇಳಬೇಕು ರೇವಯ್ಯ. ನಾಳೆ ಮಧ್ಯಾಹ್ನ ನಿನಗೆ ಬಿಡುವು ಎಷ್ಟು ಹೊತ್ತಿಗೆ?"

ರೇವಯ್ಯನಿಗೆ ತಾನು ದಾಟಿ ಹೋಗಿದ್ದ ತನ್ನದೇ ಹೆಸರು ನೆನಪಾಯಿತು.