ಏಳನೇ ನಂಬರಿನ ಸಹಿ

ಸೈನಿಕರ ಕುಟುಂಬಗಳಿದ್ದ ಕ್ವಾರ್ಟರ್ಸ್ ಖಾಸಗಿ ಕಂಪನಿಯ ಕೈಸೇರಿದ ದಿನವೇ ಅದರ ಮ್ಯಾನೇಜರು ಏಳನೇ ನಂಬರಿನ ಮನೆಗೆ ಬಂದ. ಗಡಿಯಲ್ಲಿ ಕಾಣೆಯಾದ ಹವಾಲ್ದಾರನ ಹೆಂಡತಿ ನೀಲವ್ವ ಅಲ್ಲಿದ್ದಳು. ಗಂಡ ಬಂದರೆ ಈ ಬಾಗಿಲಿಗೇ ಬರುತ್ತಾನೆಂದು ದಿನವೂ ಅವನ ಬೂಟು ಒರೆಸಿ ಹೊಸ್ತಿಲ ಬಳಿ ಇಡುತ್ತಿದ್ದಳು.

“ಇವತ್ತೇ ಖಾಲಿ ಮಾಡಿಸಯ್ಯ,” ಎಂದ ಮ್ಯಾನೇಜರು ಕ್ವಾರ್ಟರ್ಸಿನ ಹಳೆಯ ಗುಮಾಸ್ತನಿಗೆ.

“ಆಗ್ಲಿ ಸಾಹೇಬ್ರ. ಆದ್ರ ಈ ಕಾಗದಕ್ಕ ಮನಿ ಪಡದವ್ರ ಸಹಿ ಬೇಕಲ್ರಿ. ಹವಾಲ್ದಾರ್ರು ಆರಕ್ಕ ಬರ್ತಾರ, ನೀವ ಕೇಳ್ರಿ.”

“ಕಾಣೆಯಾದವನು ಬರ್ತಾನಾ?” ಮ್ಯಾನೇಜರು ನಕ್ಕು ಜಗಲಿಯಲ್ಲಿ ಕೂತ.

ಸಂಜೆ ಆರಕ್ಕೆ ನಳದಲ್ಲಿ ನೀರು ಬರುವ ಮೊದಲು ಅಲ್ಲಿಯ ಹಳೆಯ ಪೈಪುಗಳು ಮನುಷ್ಯರಂತೆ ಕೆಮ್ಮುತ್ತವೆ. ಕ್ವಾರ್ಟರ್ಸಿನವರಿಗೆಲ್ಲ ಅದು ಗೊತ್ತು. ಹೊಸಬನಿಗೆ ಗೊತ್ತಿರಲಿಲ್ಲ.

ಆರಾಯಿತು. ಖಾಲಿ ಬಚ್ಚಲಲ್ಲಿ ಯಾರೋ ಎರಡು ಸಲ ಕೆಮ್ಮಿದರು.

“ಬಂದ್ರು ನೋಡ್ರಿ. ಒಳಗ ಹೋಗಿ ಸಹಿ ತಗೊಳ್ರಿ,” ಎಂದು ಗುಮಾಸ್ತ ಪೆನ್ನು ಚಾಚಿದ.

ಮ್ಯಾನೇಜರನ ಮುಖ ಬಿಳಿಚಿತು. ‘ಹವಾಲ್ದಾರರು ಸಹಿ ಹಾಕುವವರೆಗೆ ನೀಲವ್ವ ಇಲ್ಲೇ ಇರಬಹುದು’ ಎಂದು ಕಾಗದದ ಮೇಲೆ ಗೀಚಿಕೊಟ್ಟು, ಜೀಪಿನ ಬಾಗಿಲು ಹಾಕುವುದನ್ನೂ ಮರೆತು ಹೊರಟ.

ಗುಮಾಸ್ತ ನಗುತ್ತಾ ಗೇಟಿಗೆ ಬಂದ. ನೀರು ಬಿಡುವ ಮಲ್ಲೇಶಿ ಅಲ್ಲಿ ತಲೆ ಕೆರೆದುಕೊಳ್ಳುತ್ತಿದ್ದ.

“ಯಣ್ಣಾ, ಮುಂಜಾನಿಂದ ಮೋಟರ್ ಸುಟ್ಟೈತಿ. ಇವತ್ತ ನೀರ ಬಿಟ್ಟಿಲ್ಲ.”

ಗುಮಾಸ್ತ ಏಳನೇ ನಂಬರಿನ ಮನೆಗೆ ಹಿಂತಿರುಗಿದ. ಹೊಸ್ತಿಲ ಬಳಿ ಬೂಟುಗಳಿರಲಿಲ್ಲ. ಒಳಗೆ ನೀಲವ್ವ ಎರಡು ಲೋಟಗಳಿಗೆ ಚಹಾ ಸೋಸುತ್ತಿದ್ದಳು.